ನಿಮ್ಮ ಲೋಟದಲ್ಲಿ ಕಾಫಿ ಎಷ್ಟು?

ಮನೆಯಲ್ಲಿ ಫಿಲ್ಟರ್‌ಗೆ ಹಾಕುವ ಪುಡಿಯ ಪೊಟ್ಟಣವನ್ನು ಒಮ್ಮೆ ತಿರುಗಿಸಿ ನೋಡಿ. ಚಿಕೋರಿ ಬೆರೆಸಿದ ಪುಡಿಯಾದರೆ ಕಾಫಿ ಶೇಕಡಾ ಇಷ್ಟು, ಚಿಕೋರಿ ಶೇಕಡಾ ಇಷ್ಟು ಎಂದು ಅಚ್ಚಾಗಿರುತ್ತದೆ. ಚಿಕೋರಿ ಎಂಬುದು ಒಂದು ಗಿಡದ ಬೇರು. ಹುರಿದು ಪುಡಿ ಮಾಡಿದರೆ ಡಿಕಾಕ್ಷನ್‌ಗೆ ಕಪ್ಪು ಬಣ್ಣವನ್ನೂ ಗಟ್ಟಿತನವನ್ನೂ ಕೊಡುತ್ತದೆ. ನಮ್ಮ ದೇಶದ ನಿಯಮದಂತೆ ಇಂಥ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರಕೂಡದು. ಇದೆಯೋ ಇಲ್ಲವೋ ಎಂಬುದನ್ನು ಬಣ್ಣ ನೋಡಿ ಹೇಳಲಾಗದು. ಆದರೆ ಕೆಫೀನ್ ಹೇಳಬಲ್ಲದು. ಕಾಫಿಬೀಜದಲ್ಲಿ ಅದು ಉಂಟು, ಚಿಕೋರಿಯಲ್ಲಿ ಇಲ್ಲ.

ಜರ್ಮನಿಯ ರುಂಗೆ ಎಂಬ ರಸಾಯನ ವಿಜ್ಞಾನಿ 1819ರಲ್ಲಿ ಕಾಫಿಬೀಜದಿಂದ ಬೇರ್ಪಡಿಸಿದ ಈ ಬಿಳಿಯ ವಸ್ತು, 273 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಕಿರಣವನ್ನು ಚೆನ್ನಾಗಿ ಹೀರುತ್ತದೆ. ಹಾಗಾದರೆ ಡಿಕಾಕ್ಷನ್ ಮೂಲಕ ಆ ಕಿರಣವನ್ನು ಹಾಯಿಸಿ, ಎಷ್ಟು ಕುಂದಿತೆಂದು ಅಳೆದರೆ ಸಾಲದೆ? ಸಾಲದು. ಕಾಫಿಯಲ್ಲಿರುವ ಕ್ಲೋರೊಜೆನಿಕ್ ಆಮ್ಲಗಳೂ ಟ್ರೈಗೊನೆಲಿನ್ನೂ ಅದೇ ಕಿರಣವನ್ನು ಹೀರುತ್ತವೆ. ಆದ್ದರಿಂದ ಮೊದಲು ಬೇರ್ಪಡಿಸಬೇಕು, ಆಮೇಲೆ ಅಳೆಯಬೇಕು.

ಬೇರ್ಪಡಿಸುವ ಕೆಲಸವನ್ನು ದ್ರವ ಕ್ರೊಮ್ಯಾಟೊಗ್ರಫಿ ಮಾಡುತ್ತದೆ. ಉಪಕರಣದ ಜೀವಾಳವೆಂದರೆ ಗೇಣುದ್ದದ ಒಂದು ಉಕ್ಕಿನ ಕೊಳವೆ. ಇದಕ್ಕೆ ಕಾಲಂ ಎಂದು ಹೆಸರು. ಅದರೊಳಗೆ ಅತಿ ನುಣುಪಾದ ಸಿಲಿಕಾ ಕಣಗಳನ್ನು ಒತ್ತೊತ್ತಾಗಿ ತುಂಬಿರುತ್ತಾರೆ. ಕಣಗಳ ಮೈಗೆ ಎಣ್ಣೆಯ ಗುಣದ ಲೇಪವಿರುತ್ತದೆ. ಮೆಥನಾಲ್ ಬೆರೆತ ನೀರನ್ನು ಪಂಪ್ ಭಾರಿ ಒತ್ತಡದಿಂದ ಒಳಗೆ ನೂಕುತ್ತದೆ. ಸೋಸಿದ ಡಿಕಾಕ್ಷನ್ನಿನ ಒಂದು ಸಣ್ಣ ಹನಿಯನ್ನು ಈ ಹರಿವಿಗೆ ಬಿಟ್ಟರೆ ಏನಾಗುತ್ತದೆ? ಜಾತ್ರೆಯ ಬೀದಿಗೆ ಗೆಳೆಯರೆಲ್ಲ ಒಟ್ಟಿಗೇ ಹೊಕ್ಕರೂ, ಅಂಗಡಿ ಅಂಗಡಿಗೂ ನಿಲ್ಲುವವನು ಕೊನೆಗೆ ಹೊರಬರುತ್ತಾನಲ್ಲವೇ? ಹಾಗೆಯೇ ಲೇಪಕ್ಕೆ ಹೆಚ್ಚು ಅಂಟುವ ವಸ್ತು ತಡವಾಗಿ, ನೀರನ್ನು ಮೆಚ್ಚುವ ವಸ್ತು ಬೇಗನೆ ಹೊರಬೀಳುತ್ತದೆ. ಕೆಫೀನ್ ಒಂಟಿಯಾಗಿ ಬರುವ ಗಳಿಗೆಯಲ್ಲಿ ಶೋಧಕವು ಒಂದು ಶಿಖರವನ್ನು ಬರೆಯುತ್ತದೆ.

ಆ ಶಿಖರ ತಾನಾಗಿ ಏನನ್ನೂ ಹೇಳದು. ಶುದ್ಧ ಕೆಫೀನನ್ನು ತೂಗಿ, ಲೀಟರಿಗೆ 20, 40, 60 ಮಿಲಿಗ್ರಾಂನ ದ್ರಾವಣ ಮಾಡಿ, ಅವುಗಳ ಶಿಖರಗಳ ಕ್ಷೇತ್ರಫಲವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ನೇರ ಗೆರೆ ಸಿಗುತ್ತದೆ. ನಮ್ಮ ಮಾದರಿಯನ್ನು ಆ ಗೆರೆಯ ಮೇಲೆ ಓದಬೇಕು. 1 ಗ್ರಾಂ ಪುಡಿಯ ಸಾರವನ್ನೆಲ್ಲ ಬಿಸಿನೀರಿಗೆ ಇಳಿಸಿ 250 ಮಿಲಿಲೀಟರ್ ಮಾಡಿದ್ದೀರಿ, ಗೆರೆಯ ಮೇಲೆ 48 ಬಂದಿದೆ ಎನ್ನೋಣ. ಆಗ 250 ಮಿಲಿಲೀಟರಿನಲ್ಲಿ 12 ಮಿಲಿಗ್ರಾಂ, ಅಂದರೆ ಶೇಕಡಾ 1.2. ಅಪ್ಪಟ ಅರೇಬಿಕಾ ಕಾಫಿಯಲ್ಲಿ ಸುಮಾರು ಇಷ್ಟೇ ಇರುತ್ತದೆ. ಅರ್ಧ ಚಿಕೋರಿ ಬೆರೆಸಿದ್ದರೆ 0.6 ಬರಬೇಕು.

ಆದರೆ ಅವಸರದಲ್ಲಿ ತೀರ್ಪು ಕೊಡಬೇಡಿ! ನಮ್ಮ ಕೊಡಗಿನಲ್ಲಿ ಯಥೇಚ್ಛವಾಗಿ ಬೆಳೆಯುವ ರೊಬಸ್ಟಾದಲ್ಲಿ ಕೆಫೀನ್ ಸುಮಾರು ಎರಡರಷ್ಟು. ಅರ್ಧ ರೊಬಸ್ಟಾ, ಅರ್ಧ ಚಿಕೋರಿ ಇರುವ ಪುಡಿಯೂ ಶೇಕಡಾ 1.1ರ ಆಸುಪಾಸು ತೋರಿಸಿ ಅಪ್ಪಟ ಅರೇಬಿಕಾದಂತೆ ನಟಿಸಬಲ್ಲದು. ಇಂಥಲ್ಲಿ ಚಿಕೋರಿಯದೇ ಗುರುತನ್ನು ಹುಡುಕಬೇಕಾಗುತ್ತದೆ. ಅದರ ಬೇರಿನಲ್ಲಿ ಇನುಲಿನ್ ಹೇರಳ. ಅದು ಒಡೆದರೆ ಫ್ರಕ್ಟೋಸ್ ಸಕ್ಕರೆ ಬರುತ್ತದೆ. ಸಕ್ಕರೆ 273 ನ್ಯಾನೋಮೀಟರಿನಲ್ಲಿ ಕಣ್ಣಿಗೆ ಬೀಳದು. ಅದಕ್ಕೆ ಬೇರೆ ಕಾಲಂ, ಬೇರೆ ಶೋಧಕ ಬೇಕು.