ಪೇಟಿಯ ಬಿಳಿ ಪಟ್ಟಿಗಳ ಲೆಕ್ಕ

ನಮ್ಮೂರು ರಾಯಬಾಗ ಕಡೆ. ರಜೆಗೆ ಹೋದಾಗ ಗುಡಿಯ ಭಜನೆಯಲ್ಲಿ ಪೇಟಿ, ಅಂದ್ರೆ ಹಾರ್ಮೋನಿಯಂ, ಬಾರಿಸುವ ಕಾಕಾ ನನ್ನನ್ನ ಪಕ್ಕ ಕೂರಿಸಿಕೊಂಡ್ರು. "ಬಿಳಿ ಮೂರು ಒತ್ತಿ ಹಿಡಿ, ಅದ ನಿನ್ನ ಸಾ. ಕರಿ ಪಟ್ಟಿ ಮುಟ್ಟಬ್ಯಾಡ. ಭೈರವಿ ಬರತೈತಿ ನೋಡು." ಬಂತು! ಯಾಕೆ ಬಂತು ಅಂತ ಮಾತ್ರ ಗೊತ್ತಾಗಲಿಲ್ಲ.

ಹಾಸ್ಟೆಲ್‌ಗೆ ಬಂದು ಲೆಕ್ಕ ಹಾಕಿದೆ. ಸಾ ದಿಂದ ಮೇಲಿನ ಸಾ ವರೆಗೆ 12 ಸಮ ಅಂತರ. ಎರಡು ಬಿಳಿ ಪಟ್ಟಿಗಳ ನಡುವೆ ಕರಿ ಇದ್ದರೆ ದೊಡ್ಡ ಹೆಜ್ಜೆ, 2. ಇಲ್ಲದಿದ್ದರೆ ಸಣ್ಣದು, 1. ಬಿಳಿ ಒಂದರಿಂದ ಹೊರಟರೆ 2 2 1 2 2 2 1, ಇದು ಬಿಲಾವಲ್. ಬಿಳಿ ಎರಡರಿಂದ ಹೊರಟರೆ ಮೊದಲ 2 ಕೊನೆಗೆ ಹೋಗುತ್ತೆ: 2 1 2 2 2 1 2, ಕಾಫಿ. ನಮ್ಮ ಲಾಜಿಕ್ ಲ್ಯಾಬಿನ ಶಿಫ್ಟ್ ರಿಜಿಸ್ಟರ್ ತಿರುಗಿದ ಹಾಗೇ! ಮೂರರಿಂದ ಭೈರವಿ, ನಾಲ್ಕರಿಂದ ಕಲ್ಯಾಣ್, ಐದರಿಂದ ಖಮಾಜ್, ಆರರಿಂದ ಆಸಾವರಿ. ಭಾತಖಂಡೆಯವರು ಹಿಂದೂಸ್ತಾನಿ ರಾಗಗಳನ್ನು ವಿಂಗಡಿಸಿದ 10 ಥಾಟ್‌ಗಳಲ್ಲಿ 6 ಇಲ್ಲೇ ಮುಗೀತು. ಏಳರಿಂದ ಹೊರಟರೆ 1 2 2 1 2 2 2. ಮೊದಲ ನಾಲ್ಕು ಹೆಜ್ಜೆ ಕೂಡಿಸಿ, 6 ಬರುತ್ತೆ. ಪಂಚಮಕ್ಕೆ 7 ಬೇಕು. ಹಾಗಾಗಿ ಅದು ಥಾಟ್ ಅಲ್ಲ. ಉಳಿದ ಭೈರವ್, ಪೂರ್ವಿ, ಮಾರವಾ, ತೋಡಿ ನಾಲ್ಕರಲ್ಲೂ 3ರ ಹೆಜ್ಜೆ ಇದೆ. ಭೈರವ್ ನೋಡಿ, 1 3 1 2 1 3 1. ಅವು ಈ ಚಕ್ರಕ್ಕೆ ಸೇರಲ್ಲ.

ಐದು 2, ಎರಡು 1 ಇಟ್ಟುಕೊಂಡು 21 ಜೋಡಣೆ ಸಾಧ್ಯ. ತಿರುಗಿಸಿದ್ರೆ ಒಂದೇ ಆಗುವವನ್ನ ಸೇರಿಸಿದರೆ ಮೂರೇ ಚಕ್ರ. ನಮ್ಮದು ಎರಡು ಸಣ್ಣ ಹೆಜ್ಜೆಗಳು ಒಂದಕ್ಕೊಂದು ಅತಿ ದೂರ ಇರುವ ಚಕ್ರ. ಚಾರುಕೇಶಿ, 2 2 1 2 1 2 2, ಇನ್ನೊಂದರಲ್ಲಿದೆ.

ಖುಷಿಯಿಂದ ಕಾಕಾಗೆ ಫೋನ್ ಮಾಡಿದೆ. "ಎಲ್ಲಾ ಎರಡೂ ಒಂದ ಅಳತಿ ಅಂತ ಯಾರ ಹೇಳ್ಯಾರ ನಿನಗ? ಪೇಟಿ ಹೇಳತೈತಿ, ತಂಬೂರಿ ಹೇಳಂಗಿಲ್ಲ" ಅಂದ್ರು.

ಸರಿಯಾದ ಮಾತೇ. ಶುದ್ಧ ಶ್ರುತಿಯಲ್ಲಿ ಸಾ ದಿಂದ ರೇ ಗೆ ಕಂಪನಾಂಕದ ಅನುಪಾತ 9/8, ರೇ ಯಿಂದ ಗ ಗೆ 10/9. ಪೇಟಿ ಎರಡನ್ನೂ ಸಮ ಮಾಡಿಬಿಡುತ್ತೆ. ಶುದ್ಧ ಶ್ರುತಿಯಲ್ಲಿ ರೇ ಯನ್ನೇ ಸಾ ಮಾಡಿಕೊಂಡರೆ ಧ ಪಂಚಮ ಆಗಬೇಕು. ಆದರೆ 5/3 ಅನ್ನು 9/8ರಿಂದ ಭಾಗಿಸಿದರೆ 40/27, ಬೇಕಿದ್ದ 3/2 ಅಲ್ಲ. ಬೇಸುರ! ಅಂದ್ರೆ ನನ್ನ ಚಕ್ರ ಸಲೀಸಾಗಿ ತಿರುಗೋದು ಪೇಟಿಯ ಹೊಂದಾಣಿಕೆಯಿಂದ.

ಈ ತಕರಾರು ಹಳೇದು. ಸಾಂಗ್ಲಿಯ ಕೆ.ಬಿ. ದೇವಲ್ ಮತ್ತು ಇ. ಕ್ಲೆಮೆಂಟ್ಸ್ 22 ಶ್ರುತಿಯ ಹಾರ್ಮೋನಿಯಂ ಮಾಡಿಸಿ 1916ರ ಬರೋಡಾ ಸಂಗೀತ ಸಮ್ಮೇಳನಕ್ಕೆ ಒಯ್ದಿದ್ದರು. ಮುಂದೆ ನಮ್ಮ ಕಾಗವಾಡದಾಚೆಯ ಮಿರಜ್‌ನಲ್ಲಿ ನೆಲೆಸಿದ ಅಬ್ದುಲ್ ಕರೀಂ ಖಾನ್ ಅವರೂ ಈ ಶ್ರುತಿ ಪ್ರಯೋಗದಲ್ಲಿ ಜೊತೆಗಿದ್ದರು.

"ಮುಂದಿನ ರಜಾಕ್ಕ ಬಾ, ತಂಬೂರಿ ಹಚ್ಚಿಕೊಂಡು ಕೂಡೂಣು" ಅಂದಾರೆ ಕಾಕಾ.