ಡಂಬಳದ ನಕ್ಷತ್ರಶಿಲ್ಪವೂ ಎರಡು ತಲೆಮಾರಿನ ಗ್ರಾಫಿಕ್ಸ್ ಕಾರ್ಡುಗಳೂ

ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ದೊಡ್ಡಬಸಪ್ಪ ದೇವಾಲಯವನ್ನು ಒಮ್ಮೆ ಪ್ರದಕ್ಷಿಣೆ ಬಂದವರಿಗೆ, ಅದರ ಗರ್ಭಗೃಹದ ಹೊರಗೋಡೆಯು ಎಲ್ಲಿಯೂ ಚಪ್ಪಟೆಯಾಗಿ ನಿಲ್ಲದೆ, ಒಂದು ಮೂಲೆ ಮುಗಿಯುವಷ್ಟರಲ್ಲಿ ಮತ್ತೊಂದು ಮೂಲೆಯು ಮುಂಚಾಚಿ, ಇಪ್ಪತ್ತನಾಲ್ಕು ಕೋನಗಳ ನಕ್ಷತ್ರವಾಗಿ ಪರಿಣಮಿಸಿರುವುದು ಕಣ್ಣಿಗೆ ಬೀಳದೆ ಇರದು. ಒಂದು ಚೌಕವನ್ನು ಅದರ ಕೇಂದ್ರದ ಸುತ್ತ 15 ಡಿಗ್ರಿಗಳಂತೆ ತಿರುಗಿಸುತ್ತ ಆರು ಚೌಕಗಳನ್ನು ಒಂದರ ಮೇಲೊಂದು ಬರೆದರೆ ಈ ಆಕೃತಿಯು ತಾನಾಗಿಯೇ ಹುಟ್ಟುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಸ್ಥಪತಿಯು ಸೂತ್ರ, ಶಂಕುಗಳಿಂದ ಸಾಧಿಸಿದ್ದಿರಬಹುದಾದ ಈ ರಚನೆಯನ್ನು ಇಂದು ಕಂಪ್ಯೂಟರಿನ ಪರದೆಯ ಮೇಲೆ ಮೂಡಿಸಲು ಹೊರಟ ಶಿಲ್ಪಾಸಕ್ತನಿಗೂ, ಕಟ್ಟಡದ ನಕ್ಷೆ ಬರೆಯುವ ಎಂಜಿನಿಯರಿಗೂ, ಗದಗಿನ ಮುದ್ರಣಾಲಯದ ವಿನ್ಯಾಸಕನಿಗೂ ಸಮಾನವಾಗಿ ಎದುರಾಗುವ ಪ್ರಶ್ನೆಯೊಂದಿದೆ: ಸೆಕೆಂಡ್ ಹ್ಯಾಂಡಾಗಿ ಅಗ್ಗಕ್ಕೆ ದೊರೆಯುವ ಹಳೆಯ ವರ್ಕ್‌ಸ್ಟೇಷನ್ ಗ್ರಾಫಿಕ್ಸ್ ಕಾರ್ಡು ಸಾಕೋ, ಹಣ ತೆತ್ತು ಹೊಸದನ್ನೇ ತರಬೇಕೋ?

ವರ್ಕ್‌ಸ್ಟೇಷನ್ ಕಾರ್ಡು ಆಟದ ಕಾರ್ಡಿಗಿಂತ ಭಿನ್ನವಾಗುವುದು ಬಹುಮಟ್ಟಿಗೆ ಚಿಪ್ಪಿನಿಂದಲ್ಲವೆಂಬುದನ್ನು ಮೊದಲು ತಿಳಿಯಬೇಕು. ಎನ್‌ವಿಡಿಯಾ ಸಂಸ್ಥೆಯ ಮೊದಲ ಕ್ವಾಡ್ರೊ ಕಾರ್ಡು ಅದೇ ಸಂಸ್ಥೆಯ ಆಟದ ಕಾರ್ಡಾದ ಜಿಫೋರ್ಸ್ 256ರ ಚಿಪ್ಪಿನ ಮೇಲೆಯೇ ನಿಂತಿತ್ತು. ಭೇದವಿರುವುದು ಡ್ರೈವರಿನಲ್ಲಿ. ಡಂಬಳದ ನಕ್ಷತ್ರವನ್ನು ಬರಿಯ ಗೆರೆಗಳ ಹಂದರವಾಗಿ ಪರದೆಗೆ ತಂದು ತಿರುಗಿಸಿ ನೋಡುವಾಗ, ಸಾವಿರಾರು ಓರೆಗೆರೆಗಳು ಗರಗಸದ ಹಲ್ಲಿನಂತೆ ಒಡೆಯದೆ ನಯವಾಗಿಯೂ ಶೀಘ್ರವಾಗಿಯೂ ಮೂಡಬೇಕು. ಆಟದಲ್ಲಿ ಅಪರೂಪವಾದ ಈ ಕೆಲಸವೇ ನಕ್ಷೆಗಾರನ ನಿತ್ಯಕರ್ಮ. ಅಂತಹ ಕೆಲಸಕ್ಕಾಗಿ ಹದಗೊಳಿಸಿದ ಡ್ರೈವರು, ಆಟೋಕ್ಯಾಡಿನಂತಹ ತಂತ್ರಾಂಶಗಳ ತಯಾರಕರು ಪರೀಕ್ಷಿಸಿ ಕೊಟ್ಟ ಪ್ರಮಾಣಪತ್ರ, ಮೇಲ್ದರ್ಜೆಯ ಕಾರ್ಡುಗಳಲ್ಲಿ ಸ್ಮೃತಿಯ ದೋಷವನ್ನು ತಾನೇ ತಿದ್ದಿಕೊಳ್ಳುವ ವ್ಯವಸ್ಥೆ, ಇವುಗಳಿಗೇ ಗ್ರಾಹಕನು ಹೆಚ್ಚಿನ ಬೆಲೆ ತೆರುತ್ತಾನೆ.

ಇನ್ನು ಎರಡು ಕಾರ್ಡುಗಳನ್ನು ಎದುರುಬದುರು ಇಟ್ಟು ನೋಡೋಣ. 2010ರ ಕ್ವಾಡ್ರೊ 4000 ಎಂಬುದು 256 ಗಣಕ ಘಟಕಗಳನ್ನೂ 2 ಜಿಬಿ ಸ್ಮೃತಿಯನ್ನೂ ಹೊಂದಿ, 142 ವ್ಯಾಟ್ ವಿದ್ಯುತ್ತನ್ನು ಬಯಸುತ್ತಿತ್ತು. ಮದರ್‌ಬೋರ್ಡಿನ ಸ್ಲಾಟು 75 ವ್ಯಾಟಿಗಿಂತ ಹೆಚ್ಚು ಕೊಡಲಾರದಾದುದರಿಂದ, ಪವರ್ ಸಪ್ಲೈಯಿಂದ ಆರು ಪಿನ್ನುಗಳ ಪ್ರತ್ಯೇಕ ಕೇಬಲ್ಲನ್ನು ಅದಕ್ಕೆ ಜೋಡಿಸಲೇಬೇಕು. 2020ರಲ್ಲಿ ಕ್ವಾಡ್ರೊ ಎಂಬ ಹೆಸರನ್ನೇ ಸಂಸ್ಥೆಯು ಕೈಬಿಡತೊಡಗಿದ ತರುವಾಯ, 2021ರಲ್ಲಿ ಬಂದ ಆರ್‌ಟಿಎಕ್ಸ್ ಎ2000 ಎಂಬ ಗಿಡ್ಡ ಕಾರ್ಡಿನಲ್ಲಿ 3,328 ಘಟಕಗಳೂ 6 ಜಿಬಿ ಸ್ಮೃತಿಯೂ ಇದ್ದು, ಬೇಡಿಕೆಯು 70 ವ್ಯಾಟ್ ಮಾತ್ರ. ಬೇರೆ ಕೇಬಲ್ಲಿನ ಹಂಗೇ ಇಲ್ಲ. ಎರಡು ತಲೆಮಾರುಗಳ ಘಟಕಗಳು ಒಂದೇ ಜಾತಿಯವಲ್ಲವಾದ್ದರಿಂದ ಅವುಗಳ ಎಣಿಕೆಯನ್ನು ನೇರವಾಗಿ ಹೋಲಿಸುವುದು ಯುಕ್ತವಲ್ಲ. ಆದರೆ ಸೆಕೆಂಡಿಗೆ ಮಾಡಬಲ್ಲ ದಶಮಾಂಶ ಲೆಕ್ಕಗಳನ್ನು ಹಿಡಿದರೆ, ಹಳೆಯದು ಅರ್ಧ ಲಕ್ಷ ಕೋಟಿಯ ಸಮೀಪಕ್ಕೂ ಹೊಸದು ಎಂಟು ಲಕ್ಷ ಕೋಟಿಯ ಸಮೀಪಕ್ಕೂ ಬರುತ್ತವೆ. ಅರ್ಧ ವಿದ್ಯುತ್ತಿನಲ್ಲಿ ಹದಿನಾರು ಪಟ್ಟು ಗಣನೆ! ಕರೆಂಟು ಹೋದಾಗ ಯುಪಿಎಸ್ಸಿನ ಬ್ಯಾಟರಿಯನ್ನೇ ನೆಚ್ಚಿ, ಬೇಸಿಗೆಯ ಧಗೆಯಲ್ಲಿ ಫ್ಯಾನಿಗೆ ಅಡರಿದ ಧೂಳನ್ನು ಮತ್ತೆ ಮತ್ತೆ ಒರೆಸುತ್ತ ಕೆಲಸಮಾಡುವ ನಮ್ಮ ಸೀಮೆಯವರಿಗೆ ಈ ಮಿತವ್ಯಯವು ಸಣ್ಣ ಉಪಕಾರವೇನೂ ಅಲ್ಲ.

ಆದರೂ ಇದೇ ಎರಡು ಕಾರ್ಡುಗಳಲ್ಲಿ, ಸ್ಮೃತಿಯಿಂದ ಸೆಕೆಂಡಿಗೆ ಸಾಗಿಸಬಲ್ಲ ದತ್ತಾಂಶವು 89.6 ಜಿಬಿಯಿಂದ 288 ಜಿಬಿಗೆ, ಎಂದರೆ ಮೂರು ಪಟ್ಟಿಗಿಂತ ತುಸುವೇ ಹೆಚ್ಚಾಗಿದೆ. ಸ್ಮೃತಿಯ ಗಾತ್ರವೂ ಮೂರೇ ಪಟ್ಟು. ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯದ ಬಾಗಿಲುವಾಡದಂತಹ ಸೂಕ್ಷ್ಮ ಕೆತ್ತನೆಯನ್ನು ನೂರಾರು ಛಾಯಾಚಿತ್ರಗಳಿಂದ ಮೂರು ಆಯಾಮದ ಪ್ರತಿಕೃತಿಯಾಗಿ ಕಟ್ಟುವವರಿಗೆ ಇದರ ಅರ್ಥವೇನೆಂಬುದನ್ನು ಲೆಕ್ಕಹಾಕಿಯೇ ನೋಡಬಹುದು. ಕಲ್ಲಿನ ಮೇಲ್ಮೈಯನ್ನು ಒಂದು ಕೋಟಿ ಬಿಂದುಗಳಿಂದ ಗುರುತಿಸಿದೆವೆನ್ನಿ; ಬಿಂದುವೊಂದಕ್ಕೆ ಸ್ಥಾನ, ದಿಕ್ಕು, ಚಿತ್ರದಲ್ಲಿನ ನೆಲೆ ಇವಿಷ್ಟಕ್ಕೆ 32 ಬೈಟುಗಳಂತೆ 320 ಎಂಬಿ, ಆ ಬಿಂದುಗಳನ್ನು ಕೂಡಿಸುವ ಎರಡು ಕೋಟಿ ತ್ರಿಕೋನಗಳಿಗೆ ಮತ್ತೆ 240 ಎಂಬಿ ಹಿಡಿಸುತ್ತದೆ. ಇಷ್ಟನ್ನು ಹಳೆಯ ಕಾರ್ಡೂ ತಾಳಿಕೊಂಡೀತು. ಆದರೆ ಶಿಲೆಯ ಬಣ್ಣ, ಕಲೆ, ಸವೆತಗಳನ್ನು ತೋರಿಸಲು ಹೊದಿಸುವ ಚಿತ್ರವು ಉದ್ದಗಲಗಳಲ್ಲಿ 8,192 ಚುಕ್ಕೆಗಳದಾದರೆ, ಕುಗ್ಗಿಸದ ರೂಪದಲ್ಲಿ ಒಂದೊಂದೂ 256 ಎಂಬಿಯನ್ನು ನುಂಗುತ್ತದೆ. ಅಂತಹ ಆರು ಚಿತ್ರಗಳನ್ನು ಹೊದಿಸುವಷ್ಟರಲ್ಲಿ 2 ಜಿಬಿಯ ಎಲ್ಲೆ ದಾಟಿಹೋಗುತ್ತದೆ. ಎಲ್ಲೆ ದಾಟಿತೆಂದರೆ ಕಾರ್ಡು ಕಂಪ್ಯೂಟರಿನ ಸಾಮಾನ್ಯ ಸ್ಮೃತಿಗೆ ಕೈಚಾಚಬೇಕಾಗಿ ಬಂದು, ಅಲ್ಲಿಯವರೆಗೆ ಸಲೀಸಾಗಿ ತಿರುಗುತ್ತಿದ್ದ ದೇಗುಲವು ತಡೆತಡೆದು ಹೊರಳತೊಡಗುತ್ತದೆ. ಆದುದರಿಂದ ಕಾರ್ಡು ಕೊಳ್ಳುವವರು ವೇಗಕ್ಕಿಂತ ಮೊದಲು ಸ್ಮೃತಿಯನ್ನೇ ವಿಚಾರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹಂಪಿಯ ಸ್ಮಾರಕಗಳನ್ನು ಗಣಕರೂಪಕ್ಕೆ ಇಳಿಸಲು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಕೈಗೊಂಡ ಯೋಜನೆಯಲ್ಲಿ ನೆರೆಯ ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಕಾಲೇಜೂ ಭಾಗಿಯಾಗಿತ್ತು. ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರಗಳ ಗುಡಿಗಳಿಗೂ ಅಂತಹ ಶ್ರದ್ಧೆ ಸಲ್ಲಬೇಕೆಂಬ ಹಂಬಲ ನನ್ನಲ್ಲಿ ಬಲವಾಗಿದೆ.

ಮುದ್ರಣ ಕಾಶಿಯೆಂದು ಹೆಸರಾದ ಗದಗಿನ ವಿನ್ಯಾಸಕನ ಅಗತ್ಯವೇ ಬೇರೆ. ಇಂಚಿಗೆ 300 ಚುಕ್ಕೆಗಳ ಎ4 ಪುಟವೊಂದರಲ್ಲಿ ಸುಮಾರು 87 ಲಕ್ಷ ಚುಕ್ಕೆಗಳಿದ್ದು, ನಾಲ್ಕು ಶಾಯಿಗಳ ಲೆಕ್ಕಕ್ಕೆ 35 ಎಂಬಿ ಸಾಕು. ಲಗ್ನಪತ್ರಿಕೆ, ಕ್ಯಾಲೆಂಡರು, ಪಠ್ಯಪುಸ್ತಕಗಳ ಪುಟವಿನ್ಯಾಸಕ್ಕೆ ಹಳೆಯ ಕ್ವಾಡ್ರೊ ಧಾರಾಳವಾಯಿತು. ಮೇಲಾಗಿ, ತಕ್ಕ ಮಾನಿಟರು ಮತ್ತು ತಂತ್ರಾಂಶವಿದ್ದರೆ ಅದು ಕೆಂಪು, ಹಸಿರು, ನೀಲಿಗಳಿಗೆ ತಲಾ ಹತ್ತು ಬಿಟ್ಟುಗಳಂತೆ 107 ಕೋಟಿ ಛಾಯೆಗಳನ್ನು ತೋರಿಸಬಲ್ಲುದು. ಸಾಮಾನ್ಯ ಪರದೆಯಲ್ಲಿ ಅವು ಒಂದೂಮುಕ್ಕಾಲು ಕೋಟಿಯನ್ನೂ ಮುಟ್ಟುವುದಿಲ್ಲ. ಹೊಸ ಕಾರ್ಡಿಗೆ ಸುರಿಯುವ ಹಣವನ್ನು ಇಂತಹ ಮುದ್ರಣಾಲಯವು ಒಳ್ಳೆಯ ಮಾನಿಟರಿಗೆ ವಿನಿಯೋಗಿಸಿದರೆ, ಪರದೆಯ ಬಣ್ಣಕ್ಕೂ ಅಚ್ಚಾದ ಹಾಳೆಯ ಬಣ್ಣಕ್ಕೂ ಇರುವ ಅಂತರವಾದರೂ ಕಡಿಮೆಯಾದೀತು.

ಹಳೆಯ ಕಾರ್ಡಿಗೆ ಆಯುಷ್ಯದ ಮಿತಿಯೊಂದುಂಟು. ಕ್ವಾಡ್ರೊ 4000 ಸೇರಿದ ಫರ್ಮಿ ಕುಲಕ್ಕೆ ಹೊಸ ಡ್ರೈವರುಗಳ ಬಾಗಿಲು 2018ರಲ್ಲಿಯೇ ಮುಚ್ಚಿತು. ಆಮೇಲಿನ ತಂತ್ರಾಂಶಗಳು ಅದನ್ನು ಒಂದೊಂದಾಗಿ ಕೈಬಿಡುತ್ತಿವೆ. ಸೆಕೆಂಡ್ ಹ್ಯಾಂಡಿಗೇ ಮನಸ್ಸುಮಾಡುವವರು ಇನ್ನೂ ಈಚಿನ ಪಾಸ್ಕಲ್ ಕುಲದ, 2017ರ ಕ್ವಾಡ್ರೊ ಪಿ2000ವನ್ನು ಪರಿಶೀಲಿಸಬಹುದು. ಅದರಲ್ಲಿ 5 ಜಿಬಿ ಸ್ಮೃತಿಯಿದ್ದು 75 ವ್ಯಾಟಿನಲ್ಲಿಯೇ ಕೆಲಸ ಸಾಗುತ್ತದೆ. ಎ2000ವನ್ನೇ ತರುವವರು ಅಂಗಡಿಯಿಂದ ಹೊರಡುವ ಮುನ್ನ ತಮ್ಮ ಮಾನಿಟರಿನ ಕೇಬಲ್ಲನ್ನು ಒಮ್ಮೆ ನೆನೆದುಕೊಳ್ಳಲಿ: ಆ ಕಾರ್ಡಿನಲ್ಲಿರುವ ನಾಲ್ಕೂ ಕಿಂಡಿಗಳು ಮಿನಿ ಡಿಸ್‌ಪ್ಲೇಪೋರ್ಟುಗಳು, ಹಳೆಯ ಡಿವಿಐ ಮಾನಿಟರಿಗೆ ಅಡಾಪ್ಟರನ್ನು ಬೇರೆಯಾಗಿ ಕೇಳಿ ತರಬೇಕಾಗುತ್ತದೆ.