ಹುಡುಕುಪದ ಮತ್ತು ಕನ್ನಡದ ರೂಪವೈವಿಧ್ಯ: ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ಆಧರಿಸಿದ ವಿವೇಚನೆ

ಅಂತರ್ಜಾಲದಲ್ಲಿ ಬೇಕಾದ ವಿಷಯವನ್ನು ಪಡೆಯಲು ಓದುಗರು ಶೋಧಕ ಯಂತ್ರಕ್ಕೆ ನೀಡುವ ಪದ ಅಥವಾ ಪದಪುಂಜವನ್ನು ‘ಕೀವರ್ಡ್’ ಎಂದು ಕರೆಯುವುದು ರೂಢಿ. ಕನ್ನಡದಲ್ಲಿ ಇದನ್ನು ‘ಹುಡುಕುಪದ’ ಎನ್ನಬಹುದು. ಜನರು ಯಾವ ಹುಡುಕುಪದಗಳನ್ನು ಬಳಸುತ್ತಾರೆಂಬುದನ್ನು ತಿಳಿದು, ಅದಕ್ಕನುಗುಣವಾಗಿ ಜಾಲಪುಟವನ್ನು ರೂಪಿಸಿ, ಫಲಿತಾಂಶಗಳ ಪಟ್ಟಿಯಲ್ಲಿ ಅದರ ಸ್ಥಾನವನ್ನು ಉತ್ತಮಪಡಿಸುವ ಕ್ರಮ ವ್ಯಾಪಾರ ಜಗತ್ತಿನಲ್ಲಿ ಬೆಳೆದುಬಂದುದು. ಆದರೆ ಅದರ ಮೂಲದಲ್ಲಿರುವ ಪ್ರಶ್ನೆ ಭಾಷಾಧ್ಯಯನಕ್ಕೆ ಸೇರಿದುದಾಗಿದೆ. ಒಂದು ವಸ್ತುವನ್ನು ಜನರು ಯಾವ ಯಾವ ಹೆಸರುಗಳಿಂದ ಗುರುತಿಸುತ್ತಾರೆ ಎಂಬುದೇ ಆ ಪ್ರಶ್ನೆ. ಕನ್ನಡದ ಸಂದರ್ಭದಲ್ಲಿ ಇದು ಪಡೆಯುವ ಸ್ವರೂಪವನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಶೋಧಕ ಯಂತ್ರವು ಪುಟಗಳನ್ನು ಮೊದಲೇ ಓದಿ, ಗ್ರಂಥದ ಕೊನೆಯಲ್ಲಿರುವ ಪದಸೂಚಿಯಂತೆ, ಯಾವ ಪದ ಯಾವ ಪುಟದಲ್ಲಿದೆ ಎಂಬುದನ್ನು ದಾಖಲಿಸಿಕೊಂಡಿರುತ್ತದೆ. ದೊರೆತ ಪುಟಗಳಲ್ಲಿ ಯಾವುದು ಮುಂದೆ ಬರಬೇಕೆಂಬುದನ್ನು ಅನೇಕ ಅಂಶಗಳು ನಿರ್ಧರಿಸುತ್ತವೆ. ಒಂದು ಪುಟಕ್ಕೆ ಇತರ ಪುಟಗಳಿಂದ ಬಂದ ಕೊಂಡಿಗಳನ್ನು ಅದರ ಮಹತ್ವದ ಸೂಚಕವೆಂದು ಪರಿಗಣಿಸುವ ‘ಪೇಜ್‌ರ‍್ಯಾಂಕ್’ ವಿಧಾನವನ್ನು ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ 1998ರಲ್ಲಿ ಪ್ರಕಟಿಸಿದರು. ಆದರೆ ಓದುಗರು ಬರೆದ ಪದಕ್ಕೂ ಪುಟದಲ್ಲಿರುವ ಪದಕ್ಕೂ ಸಂಬಂಧವೇ ಏರ್ಪಡದಿದ್ದರೆ ಸ್ಥಾನದ ಪ್ರಶ್ನೆ ಉದ್ಭವಿಸುವುದಿಲ್ಲ.

ಈ ತೊಡಕನ್ನು ಒಂದು ನಿದರ್ಶನದ ಮೂಲಕ ಸ್ಪಷ್ಟಪಡಿಸಿಕೊಳ್ಳಬಹುದು. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಕಾರ್ತಿಕ ಮಾಸದ ಕಡೆಯ ಸೋಮವಾರ ಪರಿಷೆ ನಡೆಯುತ್ತದೆ. ಬೆಳೆಯನ್ನು ಮೇಯುತ್ತಿದ್ದ ಬಸವನನ್ನು ತಣಿಸಲು ಸುತ್ತಲಿನ ರೈತರು ಮೊದಲ ಫಸಲನ್ನು ಅರ್ಪಿಸತೊಡಗಿದರೆಂಬುದು ಐತಿಹ್ಯ. ಈ ಪರಿಷೆಯ ಹೆಸರನ್ನೇ ಕೆಲವರು ‘ಕಡಲೆಕಾಯಿ’ ಎಂದೂ ಕೆಲವರು ‘ಕಡಲೇಕಾಯಿ’ ಎಂದೂ ಬರೆಯುತ್ತಾರೆ. ಆಡುಮಾತಿನಲ್ಲಿ ‘ಕಡ್ಲೆಕಾಯಿ’, ‘ಕಳ್ಳೆಕಾಯಿ’ ಎಂಬ ರೂಪಗಳಿವೆ. ಉತ್ತರ ಕರ್ನಾಟಕದವರಿಗೆ ಅದು ‘ಶೇಂಗಾ’, ಕರಾವಳಿಯವರಿಗೆ ‘ನೆಲಗಡಲೆ’. ‘ಪರಿಷೆ’ ಎಂಬ ಮಾತು ಬಳಕೆಯಲ್ಲಿಲ್ಲದವರು ‘ಜಾತ್ರೆ’ ಎಂದು ಹುಡುಕಬಹುದು. ಸ್ಥಳನಾಮಗಳ ಸ್ಥಿತಿಯೂ ಇದೇ. ಕಾಡು ಮಲ್ಲೇಶ್ವರನ ಗುಡಿಯಿಂದ ಹೆಸರು ಪಡೆದ ಬಡಾವಣೆ ‘ಮಲ್ಲೇಶ್ವರ’ವೂ ಹೌದು, ‘ಮಲ್ಲೇಶ್ವರಂ’ ಕೂಡ ಹೌದು. ಇವುಗಳೊಡನೆ ವಿಭಕ್ತಿ ಪ್ರತ್ಯಯಗಳು ಸೇರಿ ‘ಬಸವನಗುಡಿಯ’, ‘ಬಸವನಗುಡಿಗೆ’, ‘ಬಸವನಗುಡಿಯಲ್ಲಿನ’ ಮೊದಲಾದ ರೂಪಗಳು ಹುಟ್ಟುತ್ತವೆ. ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆದು ಹುಡುಕುವವರೂ ಕಡಿಮೆಯಿಲ್ಲ. ಅಲ್ಲಿ ಕಾಗುಣಿತಕ್ಕೆ ನಿಯಮವೇ ಇಲ್ಲ. ಇಂದಿನ ಶೋಧಕ ಯಂತ್ರಗಳು ಇಂಥ ಭೇದಗಳನ್ನು ತಕ್ಕಮಟ್ಟಿಗೆ ಗುರುತಿಸುತ್ತವೆಯಾದರೂ ಪ್ರಾದೇಶಿಕ ಪರ್ಯಾಯಗಳನ್ನೆಲ್ಲ ಒಂದೆಂದು ಅರಿಯುತ್ತವೆಂದು ನಂಬಿ ಕೂರುವಂತಿಲ್ಲ.

ರೂಪಭೇದಕ್ಕಿಂತಲೂ ಆಳವಾದುದು ಸಂಕೇತಭೇದ. ಯೂನಿಕೋಡ್ ವ್ಯಾಪಕವಾಗುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳ ಅಕ್ಷರವಿನ್ಯಾಸಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳನ್ನೇ ಬಳಸಿಕೊಂಡಿದ್ದವು. ಕಣ್ಣಿಗೆ ಕನ್ನಡವಾಗಿ ಕಂಡ ಪುಟ ಯಂತ್ರಕ್ಕೆ ಅರ್ಥವಿಲ್ಲದ ಅಕ್ಷರಗಳ ಸಾಲಾಗಿತ್ತು. ಆ ಕಾಲದ ಬರವಣಿಗೆಯನ್ನು ಯೂನಿಕೋಡಿಗೆ ಪರಿವರ್ತಿಸದ ಹೊರತು ಯಾವ ಹುಡುಕುಪದದಿಂದಲೂ ಪ್ರಯೋಜನವಿಲ್ಲ. ಯೂನಿಕೋಡಿನಲ್ಲಿಯೂ ‘ದೊಡ್ಡ’ ಎಂಬಲ್ಲಿನ ಒಕಾರವನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಣೆಯಾಗಿಯೂ ದಾಖಲಿಸಬಹುದು. ಇವೆರಡೂ ಸಮಾನವೆಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ಆದರೆ ಜಾಲತಾಣವೊಂದು ತನ್ನದೇ ಆದ ಹುಡುಕು ವ್ಯವಸ್ಥೆಯಲ್ಲಿ ಈ ಏಕರೂಪತೆಯನ್ನು ಪಾಲಿಸದಿದ್ದರೆ ಇರುವ ಪದವೂ ದೊರೆಯುವುದಿಲ್ಲ.

ಹುಡುಕುಪದಗಳ ಶೋಧನೆಗೆ ಬಳಕೆಯಲ್ಲಿರುವ ಗೂಗಲ್‌ನ ಸಾಧನಗಳಲ್ಲಿ ಮೂರನ್ನು ಇಲ್ಲಿ ಗಮನಿಸಬಹುದು. 2006ರಲ್ಲಿ ಆರಂಭವಾದ ‘ಟ್ರೆಂಡ್ಸ್’ ಒಂದು ಪದದ ಹುಡುಕಾಟದ ಏರಿಳಿತವನ್ನು ಕಾಲ ಮತ್ತು ಪ್ರದೇಶಗಳಿಗೆ ಅನುಗುಣವಾಗಿ ತೋರಿಸುತ್ತದೆ. ಅಲ್ಲಿನ 100 ಎಂಬ ಅಂಕಿ ಆಯ್ದ ಅವಧಿಯ ಶಿಖರವನ್ನು ಸೂಚಿಸುತ್ತದೆಯೇ ಹೊರತು ಹುಡುಕಾಟಗಳ ಸಂಖ್ಯೆಯನ್ನಲ್ಲ. 2013ರಲ್ಲಿ ಬಂದ ‘ಕೀವರ್ಡ್ ಪ್ಲಾನರ್’ ತಿಂಗಳ ಸರಾಸರಿ ಹುಡುಕಾಟದ ಅಂದಾಜನ್ನು ಕೊಡುತ್ತದೆ. ಇದು ಜಾಹೀರಾತುದಾರರಿಗಾಗಿ ರೂಪಿಸಿದ ಸಾಧನವಾದುದರಿಂದ, ಅದು ಸೂಚಿಸುವ ‘ಪೈಪೋಟಿ’ ಜಾಹೀರಾತುಗಳ ನಡುವಿನ ಪೈಪೋಟಿ ಮಾತ್ರ. ಮೂರನೆಯದು 2015ರಲ್ಲಿ ಈ ಹೆಸರು ಪಡೆದ ‘ಸರ್ಚ್ ಕನ್ಸೋಲ್’. ತಾಣದ ನಿರ್ವಾಹಕರಿಗೆ ತಮ್ಮ ಪುಟ ಯಾವ ಹುಡುಕುಪದಗಳಿಗೆ ಕಾಣಿಸಿಕೊಂಡಿತು, ಎಷ್ಟು ಜನ ಅದನ್ನು ತೆರೆದರು, ಸರಾಸರಿ ಸ್ಥಾನವೇನು ಎಂಬುದು ಇಲ್ಲಿ ತಿಳಿಯುತ್ತದೆ. ಸಣ್ಣ ಕನ್ನಡ ತಾಣಗಳಿಗೆ ಹೆಚ್ಚು ಉಪಯುಕ್ತವಾದುದು ಇದೇ. ಏಕೆಂದರೆ ಇದು ಅಂದಾಜನ್ನಲ್ಲ, ಆ ತಾಣಕ್ಕೆ ಸಂಬಂಧಿಸಿದ ನಿಜವಾದ ಬಳಕೆಯನ್ನು ದಾಖಲಿಸುತ್ತದೆ.

ಆದರೆ ಈ ಸಾಧನಗಳ ಮಿತಿಯೂ ಇಲ್ಲಿಯೇ ಗೋಚರಿಸುತ್ತದೆ. ವಿರಳವಾಗಿ ಬಳಕೆಯಾಗುವ ಪದಗಳಿಗೆ ಅವು ಬಹುಮಟ್ಟಿಗೆ ಮಾಹಿತಿಯನ್ನೇ ಕೊಡುವುದಿಲ್ಲ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ಹೊರತಂದ ನಿಘಂಟಿನ ಕ್ರಮ ಇದಕ್ಕೆ ವಿರುದ್ಧವಾದುದು. ನಿಘಂಟುಕಾರರು ಒಂದು ಮುಖ್ಯ ಉಲ್ಲೇಖದ ಕೆಳಗೆ ರೂಪಾಂತರಗಳನ್ನು ತರುವಾಗ ವಿರಳ ಪ್ರಯೋಗವನ್ನೂ ಬಿಡುವುದಿಲ್ಲ. ಅಂಕಿಗಳನ್ನೇ ನೆಚ್ಚಿದ ಬರಹಗಾರರು ಮುಂದೆ ‘ಪರಿಷೆ’ಯನ್ನು ಬಿಟ್ಟು ‘ಫೆಸ್ಟಿವಲ್’ ಎಂದೇ ಬರೆಯಬಹುದು. ಬರೆಯದ ಪದವನ್ನು ಓದುಗರು ಮರೆಯುತ್ತಾರೆ. ಮರೆತ ಪದವನ್ನು ಯಾರೂ ಹುಡುಕುವುದಿಲ್ಲ. ಹುಡುಕದ ಪದಕ್ಕೆ ಸಾಧನ ಸೊನ್ನೆಯನ್ನೇ ತೋರಿಸುತ್ತದೆ. ಹೀಗೆ ಬಳಕೆಯನ್ನು ಅಳೆಯುವ ಉಪಕರಣವೇ ಬಳಕೆಯನ್ನು ಕುಗ್ಗಿಸುವ ಸಾಧ್ಯತೆಯಿದೆ.

ಆದ್ದರಿಂದ ಎರಡೂ ಕ್ರಮಗಳನ್ನು ಕೂಡಿಸಿಕೊಳ್ಳುವುದು ಸೂಕ್ತ. ಪುಟದ ಶೀರ್ಷಿಕೆಯಲ್ಲಿ ‘ಬಸವನಗುಡಿ ಕಡಲೆಕಾಯಿ ಪರಿಷೆ’ ಎಂಬ ಪೂರ್ಣ ಹೆಸರಿರಬೇಕು. ಈಚಿನ ವರ್ಷಗಳಲ್ಲಿ ಮಲ್ಲೇಶ್ವರದಲ್ಲಿಯೂ ಕಡಲೆಕಾಯಿ ಪರಿಷೆ ನಡೆಯುತ್ತಿರುವುದರಿಂದ ಸ್ಥಳನಾಮ ಅನಿವಾರ್ಯ. ಶೇಂಗಾ, ನೆಲಗಡಲೆ, ಜಾತ್ರೆ ಎಂಬ ಪರ್ಯಾಯಗಳು ವಿವರಣೆಯ ಭಾಗವಾಗಿ ಸಹಜವಾಗಿ ಬರಬೇಕು. ಪದಗಳನ್ನು ಪುಟದ ಮರೆಯಲ್ಲಿ ತುಂಬುವುದರಿಂದ ಲಾಭವಿಲ್ಲ. ‘ಕೀವರ್ಡ್ಸ್’ ಎಂಬ ಗುಪ್ತಪಟ್ಟಿಯನ್ನು ಸ್ಥಾನನಿರ್ಣಯಕ್ಕೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಪ್ರಕಟಿಸಿದೆ. ಪರಿಷೆಗೆ ಕೆಲವು ವಾರ ಮೊದಲೇ ಪುಟ ಸಿದ್ಧವಾಗಿದ್ದು, ಆನಂತರ ಓದುಗರು ಬಳಸಿದ ಹುಡುಕುಪದಗಳನ್ನು ಪರಿಶೀಲಿಸಿ ತಿದ್ದುತ್ತಿರಬೇಕು.

ಒಟ್ಟಿನಲ್ಲಿ, ಓದುಗರ ನಾಲಿಗೆಯ ಮೇಲಿನ ಪದಕ್ಕೂ ಪುಟದ ಪದಕ್ಕೂ ಸೇತುವೆ ಕಟ್ಟುವುದು ಹುಡುಕುಪದ ಶೋಧನೆಯ ಉದ್ದೇಶ. ಯಾವ ಪದ ಹೆಚ್ಚು ಬಳಕೆಯಲ್ಲಿದೆ ಎಂಬುದನ್ನು ಸಾಧನಗಳು ತಿಳಿಸಬಲ್ಲವು. ಯಾವ ಪದ ಉಳಿಯಬೇಕೆಂಬುದನ್ನು ಮಾತ್ರ ಭಾಷೆಯನ್ನು ಬಲ್ಲವರೇ ನಿರ್ಧರಿಸಬೇಕಾಗುತ್ತದೆ.